ಚೆಂಡೆಗೆ ಯಾವ ಮೈಕ್?

ಸ್ಟುಡಿಯೋ ಶುರು ಮಾಡಬೇಕು ಅಂತ ಹೊರಟ ಹುಡುಗರು ನನ್ನ ಹತ್ತಿರ ಬರುವಾಗ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಮೇಲಿನ ಸಾಲಿನಲ್ಲಿ ಮೈಕ್. ಆಮೇಲೆ ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಇಂಟರ್‌ಫೇಸ್, ಸ್ಪೀಕರ್, ಹೆಡ್‌ಫೋನ್, ಕೀಬೋರ್ಡ್. ಕಟ್ಟಕಡೆಗೆ, ದುಡ್ಡು ಉಳಿದರೆ ನೋಡೋಣ ಅನ್ನುವ ಹಾಗೆ, ಗೋಡೆಗೆ ಫೋಮ್. "ಅಣ್ಣಾ, ಈ ಮೈಕ್ ತೆಗೊಳ್ಳುವುದಾ, ಆ ಮೈಕಾ?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಎಂತ ರೆಕಾರ್ಡ್ ಮಾಡುವುದು?

"ಎಲ್ಲ" ಅನ್ನುತ್ತಾರೆ.

ಮಂಗಳೂರಿನಲ್ಲಿ ಈ ‘ಎಲ್ಲ’ ಬಹಳ ದೊಡ್ಡದು. ಬೆಳಿಗ್ಗೆ ತುಳು ಸಿನಿಮಾದ ಹಾಡು. ಮಧ್ಯಾಹ್ನ ಚಿನ್ನದಂಗಡಿಯ ಜಾಹೀರಾತಿಗೆ ಒಂದು ಗಂಡಸಿನ ದನಿ. ಸಂಜೆ ಕೊಂಕಣಿ ಗೀತೆಯ ಆಲ್ಬಂಗೆ ನಾಲ್ಕು ಜನರ ಕೋರಸ್. ಬ್ಯಾರಿ ಹಾಡು ಉಂಟು, ದೈವದ ಭಕ್ತಿಗೀತೆ ಉಂಟು, ಚುನಾವಣೆ ಬಂದರೆ ಆಟೋದಲ್ಲಿ ಕೂಗುವ ಪ್ರಚಾರವೂ ಉಂಟು. ಇಷ್ಟರ ಮಧ್ಯೆ ಒಂದು ದಿನ ಯಕ್ಷಗಾನದ ಭಾಗವತರು, ಮದ್ದಳೆಯವರು, ಚೆಂಡೆಯವರು ಒಟ್ಟಿಗೇ ಬಂದು ಇಳಿಯುತ್ತಾರೆ. ಅಲ್ಲಿಗೆ ಪಟ್ಟಿಯ ಕಥೆ ಮುಗಿಯಿತು.

ನನ್ನ ಅನುಭವದಲ್ಲಿ ಸಾಮಾನು ಆರಿಸುವುದು ಕಲಿಯಬೇಕಾದರೆ ಅದು ಹುಟ್ಟಿದ ಕಥೆ ಸ್ವಲ್ಪ ಗೊತ್ತಿರಬೇಕು. ಸ್ಟುಡಿಯೋದ ಒಂದೊಂದು ಪೆಟ್ಟಿಗೆಯೂ ಯಾರದ್ದೋ ಒಂದು ತಲೆಬಿಸಿಗೆ ಸಿಕ್ಕಿದ ಉತ್ತರ. ಅವರ ತಲೆಬಿಸಿ ಎಂತ ಅಂತ ತಿಳಿದರೆ, ಅದು ನಮಗೂ ಉಂಟಾ ಇಲ್ವಾ ಅಂತ ನೋಡಬಹುದು. ಇಲ್ಲದಿದ್ದರೆ ಗದ್ದೆ ನೋಡದೆ ಬೀಜ ತಂದ ಹಾಗೆ.

ಮೊದಲು ಮೈಕೇ ಇರಲಿಲ್ಲ. 1902ರ ನವೆಂಬರ್‌ನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಕ್ಕೆ ಬಂದು ಗೌಹರ್ ಜಾನ್ ಹಾಡಿದ್ದನ್ನು ಹಿಡಿದಾಗ ಅಲ್ಲಿ ಕರೆಂಟಿನ ಕೆಲಸವೇ ಇಲ್ಲ. ಒಂದು ದೊಡ್ಡ ಕಹಳೆ. ಅದರ ಬಾಯಿಗೆ ಹಾಡಬೇಕು. ದನಿಯ ಒತ್ತಡಕ್ಕೆ ತುದಿಯ ಪೊರೆ ಅಲುಗುತ್ತದೆ, ಸೂಜಿ ಮೇಣದ ತಟ್ಟೆಯಲ್ಲಿ ಗೀರುತ್ತದೆ. ಅಷ್ಟೇ. ಮೂರು ನಿಮಿಷದೊಳಗೆ ಹಾಡು ಮುಗಿಯಬೇಕು. ಕೊನೆಗೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಾರೆ. ತಟ್ಟೆ ಒತ್ತುವ ಕಾರ್ಖಾನೆ ಜರ್ಮನಿಯ ಹ್ಯಾನೋವರ್‌ನಲ್ಲಿತ್ತು. ಅಲ್ಲಿಯವರಿಗೆ ಇದು ಯಾರ ಹಾಡು ಅಂತ ಗೊತ್ತಾಗಬೇಕಲ್ಲ. ಈಗ ನಾವು ಫೈಲಿಗೆ ಹೆಸರು ಹಾಕುವ ಹಾಗೆ ಅವರು ಹಾಡಿಗೇ ಹೆಸರು ಹಾಕಿದರು. ಫೈನಲ್, ಫೈನಲ್ ಎರಡು, ಲಾಸ್ಟ್ ಫೈನಲ್ ಅಂತ ಫೈಲು ಕಳಿಸುವವರು ಇದನ್ನು ಓದಬೇಕು.

ಕಹಳೆಯ ಕಾಲದಲ್ಲಿ ಜೋರಾದ ದನಿ ಇದ್ದವರಿಗೆ ಮಾತ್ರ ಬೆಲೆ. ಆಮೇಲೆ ಕರೆಂಟ್ ಹಿಡಿದ ತೆಳು ಪೊರೆಯ ಕಂಡೆನ್ಸರ್ ಮೈಕ್ ಬಂತು. 1916ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್‌ನ ಇ. ಸಿ. ವೆಂಟೆ ಅದನ್ನು ಮಾಡಿದರು. 1925ರಿಂದ ರೆಕಾರ್ಡಿಂಗ್ ಕರೆಂಟಿಗೆ ಬದಲಾಗತೊಡಗಿತು. ಈಗ ಪಿಸುಗುಟ್ಟಿದರೂ ಹಿಡಿಯುತ್ತದೆ. ಜರ್ಮನಿಯ ನೋಯ್ಮನ್ ಕಂಪನಿಯ ಯು 47 ಮೈಕ್ 1949ರಲ್ಲಿ ಬಂತು, ಯು 87 ಬಂದದ್ದು 1967ರಲ್ಲಿ. ಹುಡುಗರ ಪಟ್ಟಿಯಲ್ಲಿ ಈ ಯು 87 ಅಥವಾ ಅದರ ಅಗ್ಗದ ನಕಲು ಇರದೇ ಹೋಗುವುದಿಲ್ಲ.

ಇನ್ನೊಂದು ಕಥೆ ನನಗೆ ಬಹಳ ಇಷ್ಟ. ಇಂಟರ್‌ಫೇಸಿನ ಮೇಲೆ 48 ವೋಲ್ಟ್ ಅಂತ ಒಂದು ಗುಂಡಿ ಇರುತ್ತದೆ. ಕಂಡೆನ್ಸರ್ ಮೈಕಿಗೆ ಅದೇ ಕೇಬಲ್ಲಿನಲ್ಲಿ ಕರೆಂಟ್ ಕಳಿಸುವ ಗುಂಡಿ. 48 ಯಾಕೆ, 50 ಯಾಕಲ್ಲ? 1966ರಲ್ಲಿ ನಾರ್ವೆಯ ರೇಡಿಯೋದವರು ನೋಯ್ಮನ್‌ಗೆ ಟ್ರಾನ್ಸಿಸ್ಟರ್ ಮೈಕ್ ಬೇಕು ಅಂದರು. ಚಳಿಗಾಲದಲ್ಲಿ ಅಲ್ಲಿ ಹಗಲೇ ಕಡಿಮೆ. ಹಾಗಾಗಿ ಸ್ಟುಡಿಯೋಗಳಲ್ಲಿ ಹೆಚ್ಚುವರಿ ದೀಪಕ್ಕೆ 48 ವೋಲ್ಟ್ ವ್ಯವಸ್ಥೆ ಮೊದಲೇ ಇತ್ತು. ಅದರಿಂದಲೇ ಮೈಕಿಗೂ ಕೊಡಿ ಅಂದರು. ನಾರ್ವೆಯ ಕತ್ತಲೆಗೆ ಹುಟ್ಟಿದ ಸಂಖ್ಯೆ ಈಗ ಮಂಗಳೂರಿನ ಎಲ್ಲ ಸ್ಟುಡಿಯೋದಲ್ಲೂ ಉಂಟು.

ಅವರಿಗೆ ಕತ್ತಲೆ. ನಮಗೆ ಎಂತ? ನಮಗೆ ಮಳೆ, ಮತ್ತೆ ಚೆಂಡೆ.

ಚೆಂಡೆಯ ವಿಷಯ ಮೊದಲು ಹೇಳುತ್ತೇನೆ. ಈಗಿನ ಯು 87ರ ಲೆಕ್ಕ ನೋಡಿ. 117 ಡೆಸಿಬೆಲ್ ತನಕ ಅದು ಒಡೆಯದೆ ಹಿಡಿಯುತ್ತದೆ. ಸದ್ದು ತಗ್ಗಿಸುವ ಪ್ಯಾಡ್ ಗುಂಡಿ ಒತ್ತಿದರೆ 127. ಹಾಡುವವರಿಗೆ ಅದು ಧಾರಾಳ ಆಯಿತು. ಆದರೆ ಚೆಂಡೆಯ ಬಾಯಿಗೆ ಒಂದಡಿ ದೂರದಲ್ಲಿ ಇಡಿ, ಏರು ಪದಕ್ಕೆ ಕೋಲು ಬೀಳಲಿ. ಆಗ 117 ಅನ್ನುವುದು ದೊಡ್ಡ ಸಂಖ್ಯೆಯೇ ಅಲ್ಲ. ಲಕ್ಷಗಟ್ಟಲೆ ಬೆಲೆಯ ಮೈಕಿನಿಂದ ಚೆಂಡೆಯ ಬದಲು ಡಬ್ಬ ಬಡಿದ ಸದ್ದು ಬರುತ್ತದೆ.

ಚೆಂಡೆಗೆ ನಾನು ಇಡುವುದು ಡೈನಮಿಕ್ ಮೈಕ್, ಅಂದರೆ ಅಯಸ್ಕಾಂತದ ನಡುವೆ ತಂತಿಯ ಸುರುಳಿ ಅಲುಗಿ ಕೆಲಸ ಮಾಡುವಂಥದ್ದು. ಶೂರ್ ಕಂಪನಿಯ ಎಸ್‌ಎಂ 57 ಸಾಕು. 1965ರಿಂದ ಬರುತ್ತಾ ಉಂಟು. ನೆಲಕ್ಕೆ ಬಿದ್ದರೂ ಸಾಯುವುದಿಲ್ಲ. ಸ್ವಲ್ಪ ದುಡ್ಡಿದ್ದರೆ ಸೆನ್‌ಹೈಸರ್ ಎಂಡಿ 421, ಅದು 1960ರದ್ದು. ಎರಡೂ ಚೆಂಡೆಯ ಪೆಟ್ಟಿಗೆ ಜಪ್ಪಯ್ಯ ಅನ್ನುವುದಿಲ್ಲ. ಚರ್ಮದ ನಡುವಿಗೆ ಗುರಿ ಇಟ್ಟರೆ ಬರೀ ಕೋಲಿನ ಟಕಟಕ. ಅಂಚಿನ ಕಡೆಗೆ ಓರೆ ಮಾಡಿ, ಒಂದೂವರೆ ಅಡಿ ಹಿಂದೆ ತೆಗೆದರೆ ಒಳಗಿನ ನಾದ ಸಿಗುತ್ತದೆ. ಒಬ್ಬೊಬ್ಬರ ಕೈ ಬೇರೆ, ಚೆಂಡೆಯ ಬಿಗಿಯೂ ಬೇರೆ. ಹಾಗಾಗಿ ನುಡಿಸುವಾಗ ಕಿವಿ ಕೊಟ್ಟೇ ಜಾಗ ಹುಡುಕಬೇಕು.

ಇದು ಸುಲಭದ ಭಾಗ. ನಿಜವಾದ ಕಷ್ಟ ಹಿಮ್ಮೇಳವನ್ನು ಒಟ್ಟಿಗೆ ಹಿಡಿಯುವುದರಲ್ಲಿ.

ಇಲ್ಲಿ ಟೇಪಿನ ಕಥೆ ಬೇಕಾಗುತ್ತದೆ. ಟೇಪ್ ಜರ್ಮನಿಯಲ್ಲಿ ಹುಟ್ಟಿದ್ದು. 1935ರಲ್ಲಿ ಬರ್ಲಿನ್‌ನ ರೇಡಿಯೋ ಪ್ರದರ್ಶನದಲ್ಲಿ ಮ್ಯಾಗ್ನೆಟೊಫೋನ್ ಅನ್ನುವ ಯಂತ್ರ ತೋರಿಸಿದರು. ಯುದ್ಧ ಮುಗಿದ ಮೇಲೆ ಜ್ಯಾಕ್ ಮಲಿನ್ ಎಂಬ ಅಮೆರಿಕದ ಸೈನಿಕ ಅಂಥ ಎರಡು ಯಂತ್ರಗಳನ್ನು ಬಿಚ್ಚಿ ಊರಿಗೆ ಕಳಿಸಿದ. ಗಾಯಕ ಬಿಂಗ್ ಕ್ರಾಸ್ಬಿಗೆ ರೇಡಿಯೋದಲ್ಲಿ ಪ್ರತಿ ವಾರ ಲೈವ್ ಹಾಡುವುದು ಸಾಕಾಗಿತ್ತು. ಮೊದಲೇ ರೆಕಾರ್ಡ್ ಮಾಡಿಟ್ಟರೆ ಆರಾಮ ಅಲ್ವಾ? ಅವರ ಬೆಂಬಲದಿಂದ 1948ರಲ್ಲಿ ಆಂಪೆಕ್ಸ್ ಕಂಪನಿಯ ಟೇಪ್ ಯಂತ್ರ ಮಾರುಕಟ್ಟೆಗೆ ಬಂತು. 1957ರಲ್ಲಿ ಗಿಟಾರ್‌ವಾದಕ ಲೆಸ್ ಪಾಲ್‌ಗೆ ಅದೇ ಕಂಪನಿ ಎಂಟು ಟ್ರ್ಯಾಕಿನ ಯಂತ್ರ ಮಾಡಿಕೊಟ್ಟಿತು. ಒಂದು ಟ್ರ್ಯಾಕ್ ಕೇಳುತ್ತಾ ಇನ್ನೊಂದರಲ್ಲಿ ನುಡಿಸಬಹುದು. ಒಬ್ಬನೇ ಮನುಷ್ಯ ಇಡೀ ಮೇಳ.

ಈಗ ನಾವು ಸಿನಿಮಾ ಹಾಡು ಮಾಡುವುದು ಪೂರ್ತಿ ಈ ದಾರಿಯಲ್ಲೇ. ತಬಲಾದವರು ಸೋಮವಾರ ಬಂದು ನುಡಿಸುತ್ತಾರೆ. ಕೊಳಲಿನವರು ಬುಧವಾರ. ಗಾಯಕಿ ಬೆಂಗಳೂರಿನಲ್ಲೇ ಹಾಡಿ ಫೈಲು ಕಳಿಸುತ್ತಾರೆ. ಒಬ್ಬರ ಮುಖ ಇನ್ನೊಬ್ಬರು ನೋಡಿರುವುದಿಲ್ಲ.

ಯಕ್ಷಗಾನದ ಹಿಮ್ಮೇಳ ಹಾಗಲ್ಲ ಮಾರಾಯ್ರೆ. ಭಾಗವತರಿಗೆ ಹೆಡ್‌ಫೋನ್ ಹಾಕಿ ಕಿವಿಯಲ್ಲಿ ಟಿಕ್ ಟಿಕ್ ಕೊಟ್ಟು ಹಾಡಿ ಅಂದರೆ ಹಾಡುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಪದ ಸತ್ತಿರುತ್ತದೆ. ಲಯ ಏರುವುದು ಭಾವದ ಮೇಲೆ. ಚೆಂಡೆಯವರು ನೋಡುವುದು ಭಾಗವತರ ಕೈಯ ಜಾಗಟೆ, ಅವರ ಕಣ್ಣು. ಮುಕ್ತಾಯ ಎಲ್ಲಿ ಬೀಳುತ್ತದೆ ಅಂತ ಒಂದು ನೋಟದಲ್ಲೇ ತೀರ್ಮಾನ ಆಗುತ್ತದೆ. ಮೂವರನ್ನು ಮೂರು ದಿನ ಕರೆದರೆ ಅದು ಹಿಮ್ಮೇಳವಲ್ಲ, ಮೂರು ಜನ ಅಷ್ಟೇ.

ಹಾಗಾದರೆ ಒಟ್ಟಿಗೆ ಕೂರಿಸಬೇಕು. ಕೂರಿಸಿದರೆ ಚೆಂಡೆ ಭಾಗವತರ ಮೈಕಿನೊಳಗೆ ನುಗ್ಗುತ್ತದೆ. ಆಮೇಲೆ ಭಾಗವತರ ದನಿ ಸ್ವಲ್ಪ ಏರಿಸಿದರೆ ಚೆಂಡೆಯೂ ಜೊತೆಗೇ ಏರುತ್ತದೆ.

ಇದಕ್ಕೆ ನನಗೆ ಸಿಕ್ಕಿದ ಉತ್ತರ ಬಹಳ ಹಳೆಯ ಸಾಮಾನು. ರಿಬ್ಬನ್ ಮೈಕ್. 1930ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಇದನ್ನು ರೇಡಿಯೋ ಮನೆಗಳಿಗೆಲ್ಲ ಕೊಟ್ಟಿತ್ತು. ಅಯಸ್ಕಾಂತದ ಮಧ್ಯೆ ಅಲ್ಯೂಮಿನಿಯಂನ ತೆಳು ಪಟ್ಟಿ. ಮುಂದಿನಿಂದ, ಹಿಂದಿನಿಂದ ಬಂದ ಸದ್ದಿಗೆ ಪಟ್ಟಿ ಅಲುಗುತ್ತದೆ. ಪಕ್ಕದಿಂದ ಬಂದರೆ ಎರಡೂ ಕಡೆ ಒಂದೇ ಒತ್ತಡ ಬೀಳುವುದರಿಂದ ಪಟ್ಟಿ ಅಲುಗುವುದೇ ಇಲ್ಲ. ಅಂದರೆ ಪಕ್ಕಕ್ಕೆ ಈ ಮೈಕ್ ಕಿವುಡು. ಆ ಕಿವುಡು ಬದಿಯನ್ನು ಚೆಂಡೆಯ ಕಡೆಗೆ ತಿರುಗಿಸಿದರೆ ಕೆಲಸ ಅರ್ಧ ಆಯಿತು. ಗಾಳಿ ಜೋರಾಗಿ ಊದಿದರೆ ಪಟ್ಟಿ ಹಾಳಾಗುತ್ತದೆ, ಅದೊಂದು ಜಾಗ್ರತೆ ಬೇಕು. ರಿಬ್ಬನ್ ಬೇಡ ಅನ್ನುವವರು ಇಂಗ್ಲಿಷಿನ 8ರ ಆಕಾರದಲ್ಲಿ, ಅಂದರೆ ಮುಂದೆ ಹಿಂದೆ ಮಾತ್ರ, ಕೇಳಿಸಿಕೊಳ್ಳುವ ಕಂಡೆನ್ಸರ್ ಮೈಕ್ ತೆಗೊಳ್ಳಬಹುದು.

ಉಳಿದರ್ಧ ಕೂರಿಸುವುದರಲ್ಲಿ. ಭಾಗವತರಿಂದ ಎಂಟು ಹತ್ತಡಿ ದೂರ, ಪಕ್ಕಕ್ಕೆ ಚೆಂಡೆ. ನಡುವೆ ದಪ್ಪ ಹಲಗೆಯ ಅಡ್ಡ ತಡೆ. ಅದು ಎದೆಮಟ್ಟಕ್ಕೆ ಮಾತ್ರ ಇರಬೇಕು, ಯಾಕೆಂದರೆ ಕಣ್ಣಿಗೆ ಕಣ್ಣು ಸಿಗಬೇಕು. ಮದ್ದಳೆಗೆ ಎರಡೂ ಬದಿಗೆ ಒಂದೊಂದು ಮೈಕ್, ತಗ್ಗಿನಲ್ಲಿ. ಶ್ರುತಿಪೆಟ್ಟಿಗೆ ಎಲೆಕ್ಟ್ರಾನಿಕ್ ಆದರೆ ನೇರ ಕೇಬಲ್. ಜಾಗಟೆ ಭಾಗವತರ ಕೈಯಲ್ಲೇ ಇರುವುದರಿಂದ ಅದನ್ನು ಬೇರೆ ಮಾಡುವ ಆಸೆ ಬಿಟ್ಟುಬಿಡಿ. ಮೈಕನ್ನು ಸ್ವಲ್ಪ ಮೇಲಿನಿಂದ ಬಾಯಿಗೆ ಇಳಿಸಿ, ಜಾಗಟೆ ಮಡಿಲಿನ ಮಟ್ಟದಲ್ಲಿ ಹಿಡಿಯಿರಿ ಅಂತ ಕೈಮುಗಿಯುವುದು. ಹತ್ತು ನಿಮಿಷ ಹಿಡಿಯುತ್ತಾರೆ. ಪದಕ್ಕೆ ಬಿಸಿ ಏರಿದಾಗ ಜಾಗಟೆಯೂ ಏರುತ್ತದೆ. ಏರಲಿ.

ಇನ್ನು ಮಳೆ.

ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸದ್ದು ಒಂದು ಕಷ್ಟ, ತೇವ ಇನ್ನೊಂದು. ತೇವದ ಬಗ್ಗೆ ವಿದೇಶದ ವಿಡಿಯೋಗಳಲ್ಲಿ ಯಾರೂ ಹೆಚ್ಚು ಹೇಳುವುದಿಲ್ಲ, ಅವರಿಗೆ ಅದರ ಕಾಟ ಅಷ್ಟಿಲ್ಲ. ಕಂಡೆನ್ಸರ್ ಮೈಕಿನ ಒಳಗೆ ಚಿನ್ನ ಲೇಪಿಸಿದ ಒಂದು ಪೊರೆ, ಅದರ ಹಿಂದೆ ಒಂದು ಲೋಹದ ತಟ್ಟೆ. ನಡುವಿನ ಸಂದು ಕೂದಲೆಳೆಗಿಂತ ಕಿರಿದು. ಅಲ್ಲಿ ನಿಂತ ವಿದ್ಯುತ್ತು ಸೋರಬಾರದು. ತೇವ ಕೂತರೆ ಸೋರುತ್ತದೆ. ಆಗ ಹೆಡ್‌ಫೋನಿನಲ್ಲಿ ಪಟ್ ಪಟ್, ಚರ್ ಚರ್. ಜುಲೈಯಲ್ಲಿ ಈ ಸದ್ದು ಕೇಳಿ ಮೈಕ್ ಹೋಯಿತು ಅಂತ ರಿಪೇರಿಗೆ ಕಳಿಸುವವರು ಬಹಳ. ಒಣಗಿಸಿದರೆ ಹೆಚ್ಚಿನವು ಸರಿಯಾಗುತ್ತವೆ.

ಫೋಟೋಗ್ರಾಫರುಗಳು ಲೆನ್ಸ್ ಇಡುವ ಡ್ರೈ ಕ್ಯಾಬಿನೆಟ್ ಉಂಟಲ್ಲ, ಅದನ್ನೇ ತೆಗೊಳ್ಳಿ. ಮೈಕಿಗಿಂತ ಮೊದಲು ತೆಗೊಳ್ಳಿ. ಅಷ್ಟು ದುಡ್ಡಿಲ್ಲದಿದ್ದರೆ ಗಾಳಿ ಆಡದ ಡಬ್ಬ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾದ ಕೂಡಲೇ ಜೆಲ್ ಬಿಸಿ ಮಾಡಬೇಕು, ಯಾಕೆಂದರೆ ಬಿಸಿಲು ಕಾಯುತ್ತಾ ಕೂತರೆ ನಮ್ಮಲ್ಲಿ ಅಕ್ಟೋಬರ್ ಬರುತ್ತದೆ. ಹೊರಗಿನ ಕೆಲಸ ಜಾಸ್ತಿ ಇದ್ದವರು ಸೆನ್‌ಹೈಸರ್‌ನ ಎಂಕೆಎಚ್ ಸರಣಿ ನೋಡಬಹುದು. ಅದು ರೇಡಿಯೋ ಅಲೆಯ ತತ್ವದಲ್ಲಿ ಕೆಲಸ ಮಾಡುವುದರಿಂದ ತೇವಕ್ಕೆ ಅಷ್ಟು ಹೆದರುವುದಿಲ್ಲ. ಡೈನಮಿಕ್ ಮೈಕಿಗಂತೂ ಈ ಚಿಂತೆಯೇ ಇಲ್ಲ. ಚೆಂಡೆಗೂ ಅದೇ, ಮಳೆಗೂ ಅದೇ. ಹಾಗಾಗಿ ನಮ್ಮ ಕಡೆಯ ಸ್ಟುಡಿಯೋದಲ್ಲಿ ಮೊದಲು ಬರಬೇಕಾದದ್ದು ಎರಡು ಒಳ್ಳೆಯ ಡೈನಮಿಕ್ ಮೈಕ್ ಅಂತ ನಾನು ವಾದ ಮಾಡುವುದು. ಹುಡುಗರಿಗೆ ಬೇಜಾರಾಗುತ್ತದೆ. ಅದು ಫೋಟೋದಲ್ಲಿ ಚಂದ ಕಾಣುವುದಿಲ್ಲ.

ಹಾಡುವವರಿಗೆ ಒಂದು ಕಂಡೆನ್ಸರ್ ಬೇಕೇ ಬೇಕು, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಬೆಲೆ ನೋಡಿ ಹೆದರಬೇಡಿ. ಮೈಕಿನ ಸ್ವಂತ ಗುಂಯ್ ಸದ್ದು ಅಂತ ಒಂದು ಲೆಕ್ಕ ಉಂಟು. ರೋಡ್ ಕಂಪನಿಯ ಎನ್‌ಟಿ1-ಎ ಮೈಕಿನದ್ದು 5 ಡೆಸಿಬೆಲ್. ಅದರ ಎಷ್ಟೋ ಪಟ್ಟು ಬೆಲೆಯ ಯು 87ರದ್ದು 12. ಹಾಗಂತ ಅಗ್ಗದ್ದೇ ಒಳ್ಳೆಯದು ಅಂತ ಅಲ್ಲ. ಯು 87ರಲ್ಲಿ ದನಿ ಕೂರುವ ರೀತಿಯೇ ಬೇರೆ. ಆದರೆ ಮೈಕ್ ಇರುವುದು ಸಿಟಿ ಬಸ್ಸಿನ ಹಾರ್ನ್ ಕೇಳುವ ಕೋಣೆಯಲ್ಲಾದರೆ 5 ಆದರೆ ಎಂತ, 12 ಆದರೆ ಎಂತ?

ಕೋಣೆಗೆ ಬಂದೆವು.

ಫ್ಲ್ಯಾಟಿನಲ್ಲಿ ಹತ್ತಡಿಗೆ ಹತ್ತಡಿಯ ಒಂದು ಬೆಡ್‌ರೂಮ್. ಎತ್ತರವೂ ಸುಮಾರು ಅಷ್ಟೇ. ಹೊಸ ಸ್ಟುಡಿಯೋ ಹೆಚ್ಚಾಗಿ ಶುರುವಾಗುವುದು ಅಲ್ಲೇ. ಹತ್ತಡಿ ದೂರದ ಎರಡು ಗೋಡೆಗಳ ನಡುವೆ 56 ಹರ್ಟ್ಸ್‌ನ ಸದ್ದು ಸಿಕ್ಕಿಹಾಕಿಕೊಂಡು ಗುಡುಗುತ್ತದೆ. ಅದರ ಎರಡರಷ್ಟು 112ರಲ್ಲೂ ಗುಡುಗುತ್ತದೆ. ಕೋಣೆ ಚೌಕವಾದರೆ ಉದ್ದ, ಅಗಲ, ಎತ್ತರ ಮೂರೂ ಕಡೆಯ ಗುಡುಗು ಒಂದೇ ಜಾಗಕ್ಕೆ ಬಂದು ಬೀಳುತ್ತದೆ. ಗಂಡಸರು ಮಾತಾಡುವ ದನಿ ಸುಮಾರಾಗಿ ಈ 112ರ ಆಸುಪಾಸಿನಲ್ಲೇ ಇರುವುದು. ಚಿನ್ನದಂಗಡಿಯ ಜಾಹೀರಾತು ಹಂಡೆಯೊಳಗಿಂದ ಬಂದ ಹಾಗೆ ಕೇಳುವುದು ಮೈಕಿನ ತಪ್ಪಲ್ಲ.

ಇದಕ್ಕೆ ಒಂದಿಂಚಿನ ಫೋಮ್ ಎಂತ ಮಾಡುತ್ತದೆ? ಏನೂ ಇಲ್ಲ. 100 ಹರ್ಟ್ಸ್‌ನ ಒಂದು ಅಲೆ 3.4 ಮೀಟರ್ ಉದ್ದ. ಫೋಮ್ ಹೀರುವುದು ಮೇಲಿನ ಸದ್ದನ್ನು ಮಾತ್ರ. ಆಮೇಲೆ ಕೋಣೆ ಇನ್ನೂ ಮಂಕಾಗುತ್ತದೆ, ಗುಡುಗು ಹಾಗೇ ಉಳಿಯುತ್ತದೆ. ಮೊಟ್ಟೆ ಟ್ರೇ ಅಂಟಿಸುವವರಿಗೆ ನಾನು ಏನೂ ಹೇಳುವುದಿಲ್ಲ, ಕೈಮುಗಿಯುತ್ತೇನೆ. ಮೂಲೆಗಳಲ್ಲಿ ದಪ್ಪಕ್ಕೆ ರಾಕ್‌ವುಲ್ ಅನ್ನುವ ಕಲ್ಲಿನ ನಾರು ತುಂಬಿದ ಚೌಕಟ್ಟು ನಿಲ್ಲಿಸಿ, ಬಟ್ಟೆ ಹೊದೆಸಿ. ಆರಡಿ ಎತ್ತರ, ಒಂದಡಿ ದಪ್ಪ. ನೋಡಲಿಕ್ಕೆ ಚಂದ ಇಲ್ಲ. ಕೇಳಲಿಕ್ಕೆ ಉಂಟು.

ಹಳೆಯ ಹೆಂಚಿನ ಮನೆಯಲ್ಲಿ ಸ್ಟುಡಿಯೋ ಮಾಡುವ ಆಸೆ ನಮ್ಮಲ್ಲಿ ಹಲವರಿಗೆ ಉಂಟು. ಕೆಂಪು ಕಲ್ಲಿನ ದಪ್ಪ ಗೋಡೆ, ಇಳಿಜಾರು ಮಾಡು. ಗೋಡೆ ಭಾರ ಇದ್ದಷ್ಟೂ ಸದ್ದು ದಾಟುವುದು ಕಷ್ಟ. ಭಾರ ಎರಡು ಪಟ್ಟಾದರೆ ಸುಮಾರು 6 ಡೆಸಿಬೆಲ್ ಕಮ್ಮಿ ಬರುತ್ತದೆ. ಮಾಡು ನೆಲಕ್ಕೆ ಸಮಾನಾಂತರವಾಗಿ ಇಲ್ಲದ ಕಾರಣ ಸದ್ದು ಮೇಲೆ ಕೆಳಗೆ ಪುಟಿಯುವುದೂ ಕಮ್ಮಿ. ಅಲ್ಲಿ ಹಾಡಿದರೆ ಬರುವ ಸೊಗಸು ಫ್ಲ್ಯಾಟಿನಲ್ಲಿ ಬರುವುದಿಲ್ಲ. ಆದರೆ ಮಳೆಗಾಲದಲ್ಲಿ ಹೆಂಚಿನ ಸಂದಿಯಿಂದ ಸದ್ದು ಬರದಂತೆ ತಡೆಯಬೇಕಾದರೆ ಒಳಗೆ ಇನ್ನೊಂದು ಮುಚ್ಚಿಗೆ ಕಟ್ಟಬೇಕು, ಅದು ಗೋಡೆಗೆ ತಾಗಬಾರದು, ಎಸಿಗೆ ಬೇರೆ ದಾರಿ ಮಾಡಬೇಕು. ಅಷ್ಟಾಗುವಾಗ ಹೆಂಚಿನ ಮನೆ ಅನ್ನುವುದು ಹೊರಗಿನಿಂದ ಮಾತ್ರ. ನಾನು ಹೇಳುವುದು, ಆ ಮನೆಯಲ್ಲಿ ಡಿಸೆಂಬರ್‌ನಿಂದ ಮೇ ತನಕ ಕೆಲಸ ಮಾಡಿ. ಮಳೆಗಾಲದಲ್ಲಿ ಎಡಿಟಿಂಗ್ ಇಟ್ಟುಕೊಳ್ಳಿ. ಮೇಳದವರಿಗೆ ಬಿಡುವು ಸಿಗುವುದು ಮಾತ್ರ ಮಳೆಗಾಲದಲ್ಲೇ, ಅದೊಂದು ಪೇಚು.

ಕೋಣೆಯೇ ಇಲ್ಲದೆಯೂ ದೊಡ್ಡ ಕೆಲಸ ಆಗಿದೆ. 1990ರ ಡಿಸೆಂಬರ್‌ನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರ ಜೊತೆ ಸೇರಿ ಉಜಿರೆ ಹತ್ತಿರದ ಮಾಚಾರಿನ ಗೋಪಾಲ ನಾಯ್ಕರು ಹೇಳಿದ ಸಿರಿ ಪಾಡ್ದನ ಅನ್ನುವ ತುಳುವಿನ ಬಾಯ್ದೆರೆಯ ಮಹಾಕಾವ್ಯವನ್ನು ರೆಕಾರ್ಡ್ ಮಾಡಿದರು. ಬರೆದಾಗ ಅದು 15,683 ಸಾಲು ಆಯಿತು. ತುಳುವಿನ ಮಟ್ಟಿಗೆ ಇದಕ್ಕಿಂತ ದೊಡ್ಡ ರೆಕಾರ್ಡಿಂಗ್ ನನಗೆ ಗೊತ್ತಿಲ್ಲ. ಅಂಥ ಕೆಲಸಕ್ಕೆ ಹೇಳುವವರ ಉಸಿರು ಕೆಡದ ಜಾಗ ಬೇಕು. ಸಾಮಾನು ಆಮೇಲೆ.

ಸ್ಟುಡಿಯೋ ಅಂದರೆ ನಮ್ಮ ಕಡೆಯ ಹಳಬರಿಗೆ ಕಣ್ಣ ಮುಂದೆ ಬರುವುದು ಆಕಾಶವಾಣಿ. ಮಂಗಳೂರು ನಿಲಯ 1976ರಲ್ಲಿ ಶುರುವಾಯಿತು. ದಪ್ಪ ಬಾಗಿಲು, ಕೆಂಪು ದೀಪ, ಗಾಜಿನ ಆಚೆ ಕೈಸನ್ನೆ. ಮನೆಗಳಲ್ಲಿ ಉಳಿದದ್ದು ಕ್ಯಾಸೆಟ್. ಭಾಗವತ ಕಾಳಿಂಗ ನಾವಡರ ಪದಗಳನ್ನು ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದವರು ಕುಂದಾಪುರ, ಉಡುಪಿ ಕಡೆ ಎಷ್ಟು ಜನ! ಅವರು 1990ರಲ್ಲಿ ತೀರಿಕೊಂಡರು. ದನಿ ಈಗ ಮೊಬೈಲಿನಲ್ಲಿ ಓಡಾಡುತ್ತಾ ಉಂಟು. ಹಳೆ ಕ್ಯಾಸೆಟ್ ಮನೆಯಲ್ಲಿದ್ದರೆ ಈ ಮಳೆಗಾಲಕ್ಕೆ ಮೊದಲೇ ಡಿಜಿಟಲ್ ಮಾಡಿಸಿ, ಬೂಷ್ಟು ಹಿಡಿದ ಟೇಪನ್ನು ಸುಮ್ನೆ ಪ್ಲೇಯರಿಗೆ ಹಾಕಬೇಡಿ.

ಡಿಜಿಟಲ್ ವಿಷಯದಲ್ಲಿ ಹುಡುಗರು ಬಹಳ ತಲೆ ಕೆಡಿಸಿಕೊಳ್ಳುವುದು ಸದ್ದನ್ನು ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆಯಬೇಕು, 44.1 ಬೇಕಾ, 96 ಬೇಕಾ, 192 ಬೇಕಾ ಅಂತ. ಸಿಡಿಯ 44,100 ಅನ್ನುವ ಸಂಖ್ಯೆ ಬಂದದ್ದೇ ವಿಡಿಯೋ ಯಂತ್ರದಿಂದ. ಆಗ ಅಷ್ಟು ಮಾಹಿತಿ ಹಿಡಿಸುವ ಯಂತ್ರ ಬೇರೆ ಇರಲಿಲ್ಲ. ಚಿತ್ರದ ಒಂದು ಗೆರೆಯಲ್ಲಿ 3 ಸ್ಯಾಂಪಲ್ (ಅಳತೆ), 245 ಗೆರೆ, ಸೆಕೆಂಡಿಗೆ 60 ಸಲ. ಗುಣಿಸಿ ನೋಡಿ. 1982ರಲ್ಲಿ ಸಿಡಿ ಬಂದಾಗ ಅದೇ ಉಳಿಯಿತು. ನನ್ನ ಮಟ್ಟಿಗೆ 48,000 ಸಾಕು, ವಿಡಿಯೋದವರಿಗೂ ಅದೇ ಬೇಕು. ಮುಖ್ಯವಾದದ್ದು ಒಂದೊಂದು ಅಳತೆಗೆ 24 ಬಿಟ್. ಮೆಲ್ಲಗಿನ ಸದ್ದಿನಿಂದ ಜೋರಿನ ತನಕ ಸಿಗುವ ಜಾಗ, ಒಂದು ಬಿಟ್ಟಿಗೆ 6 ಡೆಸಿಬೆಲ್ ಲೆಕ್ಕದಲ್ಲಿ, 16 ಬಿಟ್ ಅಂದರೆ 96, 24 ಅಂದರೆ ಲೆಕ್ಕದ ಮಟ್ಟಿಗೆ 144. ಅಷ್ಟು ಜಾಗ ಇರುವಾಗ ಮೀಟರ್ ಕೆಂಪಿಗೆ ತಾಗುವಷ್ಟು ಏರಿಸುವುದು ಯಾಕೆ? ಚೆಂಡೆ ಇದ್ದ ದಿನ ನಾನು ಬಹಳ ಕೆಳಗೇ ಇಡುತ್ತೇನೆ.

ಜೋರಾದ ಸದ್ದನ್ನು ತಾನೇ ತಗ್ಗಿಸುವ ಕಂಪ್ರೆಸರ್ ಹುಟ್ಟಿದ್ದೂ ಈ ಜಾಗ ಸಾಲದ ಕಾಲದಲ್ಲಿ. ಸದ್ದು ಮಿತಿ ಮೀರಿದರೆ ರೇಡಿಯೋ ಟ್ರಾನ್ಸ್‌ಮಿಟರಿಗೆ ತೊಂದರೆ, ರೆಕಾರ್ಡ್ ತಟ್ಟೆಯಲ್ಲಿ ಸೂಜಿ ಹಾರುತ್ತದೆ. 1950ರ ದಶಕದ ಕೊನೆಗೆ ಬಂದ ಫೇರ್‌ಚೈಲ್ಡ್ 670 ಕಂಪ್ರೆಸರಿನಲ್ಲಿ 20 ವಾಲ್ವ್, ತೂಕ ಸುಮಾರು 30 ಕಿಲೋ. 1967ರಲ್ಲಿ ಬಂದ, 1176 ಅನ್ನುವ ಹೆಸರಿನ ಕಂಪ್ರೆಸರ್, ಸೆಕೆಂಡಿನ ಲಕ್ಷದಲ್ಲಿ ಎರಡು ಭಾಗದಷ್ಟು ಬೇಗ ಸದ್ದನ್ನು ಹಿಡಿಯುತ್ತದೆ. ಈಗ ಎರಡೂ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಆಗಿ ಸಿಗುತ್ತವೆ. ಸಣ್ಣ ಸ್ಟುಡಿಯೋಗೆ ಅದು ಧಾರಾಳ. ಮೈಕಿನ ಸಣ್ಣ ಸದ್ದನ್ನು ಏರಿಸುವ ಪ್ರೀಆಂಪ್ ಬಗ್ಗೆ ಗಂಟೆಗಟ್ಟಲೆ ಜಗಳ ಮಾಡುವವರುಂಟು, ನಾನು ಅದರಲ್ಲಿಲ್ಲ. ಡೈನಮಿಕ್ ಮೈಕಿನಲ್ಲಿ ಮೆಲ್ಲಗೆ ಮಾತಾಡಿದಾಗ 60 ಡೆಸಿಬೆಲ್ ಏರಿಸಿದರೂ ಗುಂಯ್ ಅನ್ನಬಾರದು. ಅಂಗಡಿಯಲ್ಲೇ ಹಾಗೆ ಕೇಳಿ ನೋಡಿ ತೆಗೊಳ್ಳಿ.

ಸ್ಪೀಕರಿನದ್ದು ಒಂದು ತಮಾಷೆ. ಯಮಾಹಾ ಎನ್‌ಎಸ್-10 ಬಂದದ್ದು 1978ರಲ್ಲಿ, ಮನೆಯಲ್ಲಿ ಹಾಡು ಕೇಳುವವರಿಗೆ ಅಂತ. ಮನೆಯವರು ಕೇಳಿ ಬೇಡ ಅಂದರು. ಸ್ಟುಡಿಯೋದವರು ಎತ್ತಿಕೊಂಡರು. ಅದು ಯಾವುದನ್ನೂ ಚಂದ ಮಾಡಿ ಕೇಳಿಸುವುದಿಲ್ಲ, ಇದ್ದ ಹುಳುಕೆಲ್ಲ ಮುಂದೆ ತಂದು ಇಡುತ್ತದೆ. ಕಿವಿಗೆ ಚುಚ್ಚುತ್ತದೆ ಅಂತ ಕೆಲವರು ಅದರ ಟ್ವೀಟರಿಗೆ, ಅಂದರೆ ಕೀರಲು ಸದ್ದು ಬರುವ ಸಣ್ಣ ಸ್ಪೀಕರಿಗೆ, ಟಿಶ್ಯೂ ಪೇಪರ್ ಅಂಟಿಸುತ್ತಿದ್ದರು. 2001ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು, ಬಿಳಿ ಕೋನಿನ ಆ ಜೋಡಿಗೆ ಈಗಲೂ ಗಿರಾಕಿ ಉಂಟು. ಕೊಳ್ಳುವಾಗ ಚಂದ ಕೇಳುವ ಸ್ಪೀಕರ್ ಬೇಡ ಅಂತ ಹೇಳಿದರೆ ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಸ್ಪೀಕರಿನ ಪಕ್ಕದಲ್ಲಿ ನಾನು ಒಂದು ಸಾಧಾರಣ ಮೊಬೈಲ್ ಇಟ್ಟಿದ್ದೇನೆ. ನಮ್ಮ ಯಕ್ಷಗಾನದ ಪದ ಕೇಳುವವರು ಹೆಚ್ಚಿನವರು ಅದರಲ್ಲೇ ಕೇಳುವುದು. ಮಿಕ್ಸಿಂಗ್ ಮುಗಿದ ಮೇಲೆ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತೇನೆ. ಮೊದಲ ಮೆಸೇಜು ಚೆಂಡೆಯವರದ್ದು: "ಚೆಂಡೆ ಕೇಳುವುದೇ ಇಲ್ಲ ಅಲ್ವಾ?" ಅದರ ಹಿಂದೆಯೇ ಭಾಗವತರದ್ದು: "ಲಾಯ್ಕ ಆಗಿದೆ. ಚೆಂಡೆ ಮಾತ್ರ ಸ್ವಲ್ಪ ಜಾಸ್ತಿ ಆಯಿತು." ಮದ್ದಳೆಯವರು ಒಂದು ಹೆಬ್ಬೆರಳು ಕಳಿಸಿ ಸುಮ್ಮನಾಗುತ್ತಾರೆ.